ಪ್ರಾಥಮಿಕ ಶಾಲೆಯಲ್ಲಿ ನಕ್ಷಾಲೇಖನ: ಬಾಗಲಕೋಟೆ ಸೀಮೆಯ ಉದಾಹರಣೆಗಳೊಡನೆ ಒಂದು ವಿವೇಚನೆ

೧. ಶಬ್ದವಿಚಾರ

ಕನ್ನಡದಲ್ಲಿ ನಕ್ಷೆ ಎಂಬ ಶಬ್ದವು ಮೂರು ಅರ್ಥಗಳಲ್ಲಿ ನಡೆಯುತ್ತಿದೆ. ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮಾರ್ಗವಾಗಿ ದೇಶಭಾಷೆಗಳನ್ನು ಸೇರಿದ ಈ ಶಬ್ದಕ್ಕೆ ಭೂಮಿಯ ಚಿತ್ರವೆಂಬುದು ಒಂದರ್ಥ. ಹೊಲಗಳ ಎಲ್ಲೆಕಟ್ಟುಗಳನ್ನು ತೋರಿಸುವ ಊರಿನ ನಕ್ಷೆ ಈ ಬಗೆಯದು. ನೇಯತಕ್ಕ ಚಿತ್ತಾರದ ಮಾದರಿಯೆಂಬುದು ಎರಡನೆಯ ಅರ್ಥ. ನೇಕಾರನ ಮನೆಯಲ್ಲಿ ನಕ್ಷೆಯೆಂದರೆ ದಡಿಯ ಮಾದರಿಯೇ ಹೊರತು ಊರಿನ ಚಿತ್ರವಲ್ಲ. ಅಂಕಿಗಳನ್ನು ಕಂಬ, ಗೆರೆ, ಚಿತ್ರಗಳ ಮೂಲಕ ಕಣ್ಣಿಗೆ ಗೋಚರವಾಗುವಂತೆ ಮಾಡುವ, ಇಂಗ್ಲಿಷಿನಲ್ಲಿ ಗ್ರಾಫ್ ಎನ್ನಿಸಿಕೊಳ್ಳುವ ಆಲೇಖ್ಯವು ಮೂರನೆಯ ಅರ್ಥ. ಚಿತ್ರನಕ್ಷೆ, ಕಂಬನಕ್ಷೆ ಅಥವಾ ಸ್ತಂಭಾಲೇಖ, ರೇಖಾನಕ್ಷೆ ಎಂಬಿವು ಇದರ ಪ್ರಭೇದಗಳು. ಪ್ರಾಥಮಿಕ ಶಾಲೆಯ ಬಾಲಕ ಬಾಲಿಕೆಯರಿಗೆ ಈ ಮೂರನೆಯ ನಕ್ಷೆಯನ್ನು ಯಾವ ಕ್ರಮದಿಂದ ಕಲಿಸತಕ್ಕದ್ದೆಂಬುದೇ ಪ್ರಸ್ತುತ ಲೇಖನದ ವಿಷಯ.

ಮೂರಕ್ಕೂ ಒಂದೇ ಹೆಸರು ಬಂದುದು ಕೇವಲ ಆಕಸ್ಮಿಕವೆನ್ನಲಾಗದು. ವಸ್ತುವನ್ನೇ ಕಾಗದದ ಮೇಲಿಡದೆ, ಒಂದು ಒಪ್ಪಂದಕ್ಕನುಸಾರವಾಗಿ ಅದಕ್ಕೆ ಬದಲಾಗಿ ಒಂದು ಗುರುತನ್ನಿಡುವುದು ಮೂರಕ್ಕೂ ಸಮಾನವಾದ ಧರ್ಮ. ಭೂಪಟದಲ್ಲಿ ದೂರಕ್ಕೆ ಬದಲಾಗಿ ದೂರ ನಿಲ್ಲುತ್ತದೆ. ನೇಯ್ಗೆಯ ನಕ್ಷೆಯಲ್ಲಿ ಹಾಸು ಹೊಕ್ಕುಗಳು ಕೂಡುವ ಒಂದು ಸ್ಥಾನಕ್ಕೆ ಬದಲಾಗಿ ಒಂದು ಚೌಕ ನಿಲ್ಲುತ್ತದೆ. ಗಣಿತದ ನಕ್ಷೆಯಲ್ಲಾದರೋ ಸಂಖ್ಯೆಗೆ ಬದಲಾಗಿ ಉದ್ದವು ನಿಲ್ಲುತ್ತದೆ. ಹೀಗೆ ಒಪ್ಪಂದಗಳು ಬೇರೆ ಬೇರೆ. ಒಪ್ಪಂದವನ್ನು ಅರಿಯದವನಿಗೆ ಗುರುತು ಬರಿಯ ಗೆರೆಯಾಗಿಯೇ ಉಳಿಯುತ್ತದೆ. ಆದುದರಿಂದ ನಕ್ಷೆಯನ್ನು ಕಲಿಸುವುದೆಂದರೆ ಗೆರೆಯೆಳೆಯುವ ಕೈಚಳಕವನ್ನು ಕಲಿಸುವುದಲ್ಲ. ಮಕ್ಕಳೇ ಕೂಡಿ ಆ ಒಪ್ಪಂದವನ್ನು ಮಾಡಿಕೊಳ್ಳುವಂತೆ ಅವರನ್ನು ನಡೆಸುವುದು. ಈ ಒಂದು ತತ್ತ್ವವನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ದೊರೆಯುವ ಸಾಮಗ್ರಿಯಿಂದ ಮುಂದೆ ವಿಶದಪಡಿಸಲಾಗಿದೆ.

೨. ನಕ್ಷೆಯು ಈಚಿನದು

ಕಂಬನಕ್ಷೆಯನ್ನು ನೋಡಿದೊಡನೆ ಅರ್ಥವಾಗುವಂಥದೆಂದು ಬಲ್ಲವರು ಭಾವಿಸುವುದುಂಟು. ಇತಿಹಾಸವು ಈ ಭಾವನೆಗೆ ಅನುಕೂಲವಾಗಿಲ್ಲ. ಸಮತಲದಲ್ಲಿನ ಬಿಂದುವನ್ನು ಸಂಖ್ಯೆಗಳಿಂದ ನಿರ್ದೇಶಿಸುವ ಪದ್ಧತಿಯು ಫ್ರಾನ್ಸಿನ ರೆನೆ ದೆಕಾರ್ತನು ೧೬೩೭ರಲ್ಲಿ ಪ್ರಕಟಿಸಿದ ರೇಖಾಗಣಿತದಿಂದ ಬೆಳೆಯಿತು. ಆದರೆ ಆಯಾತ ನಿರ್ಯಾತ, ಆದಾಯ ವೆಚ್ಚ ಮೊದಲಾದ ಲೌಕಿಕ ಅಂಕಿಗಳನ್ನು ಗೆರೆ ಕಂಬಗಳಾಗಿ ತೋರಿಸುವ ರೂಢಿಯನ್ನು ಹಾಕಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಅವನ ಗ್ರಂಥವು ಹೊರಬಂದುದು ೧೭೮೬ರಲ್ಲಿ. ಬಾದಾಮಿಯ ಮೂರನೆಯ ಗುಹೆಯ ಶಾಸನವು ಕ್ರಿ. ಶ. ೫೭೮ರದು. ಅಷ್ಟು ನಿಖರವಾಗಿ ಅಳೆದು ಬಂಡೆಯನ್ನು ಕೊರೆದ ಕಾಲದಿಂದ ಕಂಬನಕ್ಷೆಯು ಕಾಣಿಸಿಕೊಳ್ಳುವವರೆಗೆ ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷಗಳು ಕಳೆದುವು. ಎಣಿಸುವುದು, ಅಳೆಯುವುದು, ಲೆಕ್ಕ ಬರೆಯುವುದು ಬಹು ಪ್ರಾಚೀನವಾದುವು. ಸಂಖ್ಯೆಯನ್ನು ಉದ್ದವಾಗಿ ಕಾಣುವುದು ಈಚಿನದು. ವಿದ್ವಾಂಸರಿಗೆ ಇಷ್ಟು ತಡವಾಗಿ ಹೊಳೆದ ಸಂಕೇತವು ಎಂಟು ವರ್ಷದ ಮಗುವಿಗೆ ತಾನಾಗಿ ಹೊಳೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪ್ಲೇಫೇರನ ಗ್ರಂಥದಲ್ಲಿಯೇ ಉಪಾಧ್ಯಾಯರಿಗೆ ಉಪಯುಕ್ತವಾದ ಒಂದು ಸಂಗತಿಯಿದೆ. ಅನೇಕ ವರ್ಷಗಳ ಅಂಕಿಗಳು ದೊರೆತಲ್ಲಿ ಅವನು ವರ್ಷದಿಂದ ವರ್ಷಕ್ಕೆ ಹರಿಯುವ ಗೆರೆಗಳನ್ನೆಳೆದನು. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಮಾತ್ರ ೧೭೮೧ರ ಒಂದೇ ವರ್ಷದ ಲೆಕ್ಕ ಅವನ ಕೈಯಲ್ಲಿತ್ತು. ಕೂಡಿಸತಕ್ಕ ವರ್ಷಗಳೇ ಇಲ್ಲದ್ದರಿಂದ ಗೆರೆ ನಿರರ್ಥಕವಾಗುತ್ತಿತ್ತು; ಅದಕ್ಕಾಗಿ ದೇಶದೇಶಕ್ಕೂ ಬಿಡಿಬಿಡಿಯಾದ ಕಂಬಗಳನ್ನು ಬರೆದನು. ಎಲ್ಲಿ ಗೆರೆ, ಎಲ್ಲಿ ಕಂಬ ಎಂಬ ವಿವೇಕವು ಹೀಗೆ ಕಂಬನಕ್ಷೆಯ ಜನ್ಮದೊಡನೆಯೇ ಬಂದಿದೆ. ಈ ವಿಷಯವು ಮುಂದೆ ಆರನೆಯ ಭಾಗದಲ್ಲಿ ಮತ್ತೆ ಬರುತ್ತದೆ.

೩. ವಸ್ತುಗಳ ಸಾಲು

ಮೊದಲನೆಯ ಪಾಠಕ್ಕೆ ಕಾಗದವೂ ಬೇಡ, ಸೀಸದಕಡ್ಡಿಯೂ ಬೇಡ. ಇಪ್ಪತ್ತನಾಲ್ಕು ಮಕ್ಕಳ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಏನನ್ನು ಉಂಡು ಬಂದಿರೆಂಬ ಪ್ರಶ್ನೆಗೆ ಜೋಳದ ರೊಟ್ಟಿಯೆಂದವರು ೧೧, ಅನ್ನವೆಂದವರು ೭, ಉಪ್ಪಿಟ್ಟೆಂದವರು ೪, ಬೇರೆಯದನ್ನು ಹೇಳಿದವರು ೨ ಎಂದಿರಲಿ. ರೊಟ್ಟಿಯವರು ಜೋಳದ ಕಾಳನ್ನೂ ಅನ್ನದವರು ಅವರೆಯ ಕಾಳನ್ನೂ ನೆಲದ ಮೇಲೆ ಸಾಲಾಗಿಡಲೆಂದು ಉಪಾಧ್ಯಾಯನು ಹೇಳಿದರೆ ಒಂದು ಚೋದ್ಯವುಂಟಾಗುತ್ತದೆ: ಏಳು ಅವರೆಕಾಳುಗಳ ಸಾಲು ಹನ್ನೊಂದು ಜೋಳದ ಕಾಳುಗಳ ಸಾಲಿಗಿಂತ ಉದ್ದವಾಗಿ ಕಾಣುತ್ತದೆ. ಅನ್ನವೇ ಗೆದ್ದಿತೆಂದು ಕೆಲವರು, ಎಣಿಸಿ ನೋಡಿರೆಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ಉಪಾಧ್ಯಾಯನು ಅವಸರದಿಂದ ಮುಗಿಸಬಾರದು. ಪಾಠದ ಸಾರವೇ ಅದರಲ್ಲಿದೆ. ಉದ್ದವನ್ನು ನೋಡಿ ಸಂಖ್ಯೆಯನ್ನು ಹೇಳಬೇಕಾದರೆ ಪ್ರತಿಯೊಂದು ಗುರುತೂ ಸಮಾನವಾದ ಸ್ಥಳವನ್ನು ಹಿಡಿಯಬೇಕು. ಎಲ್ಲ ಸಾಲುಗಳೂ ಒಂದೇ ಆಧಾರರೇಖೆಯಿಂದ ಹೊರಡಬೇಕು. ನಡುವೆ ತೆರವು ಬಿಡಬಾರದು. ಈ ಮೂರು ನಿಯಮಗಳನ್ನು ಮಕ್ಕಳು ತಮ್ಮ ವಾದದಿಂದಲೇ ಕಂಡುಕೊಳ್ಳುತ್ತಾರೆ.

ತದನಂತರ ಕಾಳುಗಳಿಗೆ ಬದಲಾಗಿ ಖಾಲಿ ಬೆಂಕಿಪೊಟ್ಟಣಗಳನ್ನು ಕೊಡತಕ್ಕದ್ದು. ಪ್ರತಿಯೊಂದು ಮಗುವೂ ತನ್ನ ಪೊಟ್ಟಣವನ್ನು ತಾನೇ ತಂದು ತನ್ನ ಸಾಲಿನ ಮೇಲೆ ಪೇರಿಸುತ್ತದೆ. ಆಗ ನಾಲ್ಕು ಕಂಬಗಳು ಎದ್ದುನಿಲ್ಲುತ್ತವೆ. ಇವುಗಳಲ್ಲಿ ಒಂದೊಂದು ಪೊಟ್ಟಣವೂ ಒಬ್ಬೊಬ್ಬರದೆಂಬುದನ್ನು ಮಕ್ಕಳು ಮರೆಯುವುದಿಲ್ಲ. ಮರುದಿನ ಪೊಟ್ಟಣಗಳ ಸುತ್ತ ಸೀಮೆಸುಣ್ಣದಿಂದ ಗೆರೆಯೆಳೆದು, ಪೊಟ್ಟಣಗಳನ್ನು ತೆಗೆದುಬಿಟ್ಟರೆ ಉಳಿಯುವುದೇ ಕಂಬನಕ್ಷೆ. ವಸ್ತುವು ಹೋಗಿ ಗುರುತು ಉಳಿಯಿತು. ಒಪ್ಪಂದವು ಮಾತ್ರ ಮಕ್ಕಳ ಮನಸ್ಸಿನಲ್ಲಿ ನಿಂತಿದೆ.

ನಕ್ಷೆಯನ್ನು ಬರೆದ ಮಾತ್ರಕ್ಕೆ ಪಾಠವು ಮುಗಿಯಲಿಲ್ಲ. ಫ್ರಾನ್ಸಿಸ್ ಕರ್ಷಿಯೋ ಎಂಬ ಅಮೇರಿಕದ ಗಣಿತಶಿಕ್ಷಣತಜ್ಞೆಯು ೧೯೮೭ರಲ್ಲಿ ನಕ್ಷಾವಾಚನದಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಿದಳು: ನಕ್ಷೆಯಲ್ಲಿರುವುದನ್ನು ಓದುವುದು, ಅದರ ನಡುವಿನ ಸಂಬಂಧವನ್ನು ಓದುವುದು, ಅದರಾಚೆಗೆ ಓದುವುದು. ಅನ್ನವನ್ನುಂಡವರೆಷ್ಟು ಎಂಬುದು ಮೊದಲನೆಯ ಮೆಟ್ಟಿಲು. ಕಂಬದ ತುದಿಯನ್ನು ನೋಡಿದರೆ ಸಾಕು. ರೊಟ್ಟಿಯುಂಡವರು ಅನ್ನವುಂಡವರಿಗಿಂತ ಎಷ್ಟು ಹೆಚ್ಚು ಎಂಬುದು ಎರಡನೆಯದು. ಇಲ್ಲಿ ಎರಡು ಕಂಬಗಳನ್ನು ಕೂಡಿಸಿ ನೋಡಿ ನಾಲ್ಕೆಂದು ಹೇಳಬೇಕು. ನಾಳೆ ಹಬ್ಬವಾದರೆ ಈ ಕಂಬಗಳು ಹೇಗಾಗುವುವು, ಪಕ್ಕದ ತರಗತಿಯಲ್ಲಿಯೂ ಇವು ಹೀಗೆಯೇ ಇರುವುವೋ ಎಂಬುದು ಮೂರನೆಯದು. ಮೊದಲನೆಯ ಪ್ರಶ್ನೆಗಳನ್ನು ಮಾತ್ರ ಕೇಳಿ ಬಿಟ್ಟರೆ ಮಗುವು ನಕ್ಷೆಯನ್ನು ಇನ್ನೊಂದು ಬಗೆಯ ಕೋಷ್ಟಕವೆಂದೇ ತಿಳಿಯುತ್ತದೆ. ಮೂರನೆಯ ಪ್ರಶ್ನೆಗೆ ನಿಶ್ಚಿತವಾದ ಒಂದೇ ಉತ್ತರವಿಲ್ಲದಿದ್ದರೂ ಕಾರಣವನ್ನು ಹೇಳುವ ಅಭ್ಯಾಸವು ಅದರಿಂದಲೇ ಆಗುತ್ತದೆ.

೪. ಪ್ರಮಾಣವೆಂಬ ಹೊಸ್ತಿಲು

ಒಂದಕ್ಕೆ ಒಂದು ಎಂಬ ಒಪ್ಪಂದವು ಎಷ್ಟು ಸುಲಭವೋ ಹತ್ತಕ್ಕೆ ಒಂದು ಎಂಬುದು ಅಷ್ಟು ಕಠಿನ. ಇಳಕಲ್ಲಿನ ಒಂದು ಸೀರೆಯ ಅಂಗಡಿಯಲ್ಲಿ ಸೋಮವಾರ ೨೦, ಮಂಗಳವಾರ ೩೫, ಬುಧವಾರ ೧೫, ಗುರುವಾರ ೪೦ ಸೀರೆಗಳು ಮಾರಿದುವೆಂದು ಊಹಿಸಬಹುದು. ಇವನ್ನೆಲ್ಲ ಒಂದೊಂದಾಗಿ ಬರೆಯಹೊರಟರೆ ಹಾಳೆಯೂ ಸಾಲದು, ತಾಳ್ಮೆಯೂ ಸಾಲದು. ಈ ಬೇಸರವನ್ನು ಮಕ್ಕಳು ಮೊದಲು ಅನುಭವಿಸಬೇಕು. ಆಗ ಒಂದು ಮಡಿಕೆಯ ಚಿತ್ರವು ಹತ್ತು ಸೀರೆಗಳಿಗೆ ಸಮ ಎಂಬ ಒಪ್ಪಂದವು ಉಪಾಧ್ಯಾಯನ ಆಜ್ಞೆಯಾಗಿ ಬಾರದೆ ಉಪಾಯವಾಗಿ ಬರುತ್ತದೆ. ಸೋಮವಾರಕ್ಕೆ ಎರಡು ಮಡಿಕೆ, ಗುರುವಾರಕ್ಕೆ ನಾಲ್ಕು, ಮಂಗಳವಾರಕ್ಕೆ ಮೂರೂವರೆ. ಅರ್ಧ ಮಡಿಕೆಯೆಂದರೆ ಅರ್ಧ ಸೀರೆಯೆಂದು ಹೇಳುವ ಮಗುವು ಇನ್ನೂ ಹೊಸ್ತಿಲನ್ನು ದಾಟಿಲ್ಲವೆಂದು ತಿಳಿಯಬೇಕು. ಅಂಥ ಮಗುವಿಗೆ ಹತ್ತು ಕಡ್ಡಿಗಳ ಒಂದು ಕಟ್ಟನ್ನು ಕೈಗೆ ಕೊಟ್ಟು, ಅದನ್ನು ಬಿಚ್ಚಿ ಅರ್ಧಮಾಡಿಸಿದರೆ ಸಂಶಯವು ಪರಿಹಾರವಾಗುತ್ತದೆ. ಸ್ಥಾನಬೆಲೆಯ ಪಾಠದಲ್ಲಿ ಕಲಿತ ದಶಕದ ಕಟ್ಟು ಇಲ್ಲಿ ಎರಡನೆಯ ಬಾರಿ ಉಪಯೋಗಕ್ಕೆ ಬರುತ್ತದೆ.

ಚಿತ್ರನಕ್ಷೆಯಲ್ಲಿ ಇನ್ನೊಂದು ಅಪಾಯವಿದೆ. ಗುರುವಾರದ ಮಾರಾಟವು ಸೋಮವಾರದ ಇಮ್ಮಡಿಯಾದುದರಿಂದ ಕೆಲವರು ಇಮ್ಮಡಿ ದೊಡ್ಡದಾದ ಒಂದೇ ಸೀರೆಯನ್ನು ಬರೆಯುತ್ತಾರೆ. ಎತ್ತರವನ್ನು ಇಮ್ಮಡಿಸಿದಾಗ ಅಂದಕ್ಕಾಗಿ ಅಗಲವನ್ನೂ ಇಮ್ಮಡಿಸುತ್ತಾರೆ. ಚಿತ್ರವು ಹಿಡಿಯುವ ಸ್ಥಳವು ನಾಲ್ಮಡಿಯಾಗುತ್ತದೆ. ನೋಡಿದವನಿಗೆ ಮಾರಾಟವೇ ನಾಲ್ಮಡಿಯಾದಂತೆ ಭಾಸವಾಗುತ್ತದೆ. ವೃತ್ತಪತ್ರಿಕೆ, ಜಾಹೀರಾತುಗಳಲ್ಲಿ ಈ ದೋಷವು ತಿಳಿದೋ ತಿಳಿಯದೆಯೋ ನುಸುಳುವುದುಂಟು. ಹೆಚ್ಚಿನ ಸಂಖ್ಯೆಗೆ ಹೆಚ್ಚು ಚಿತ್ರಗಳನ್ನು ಬರೆಯಬೇಕೇ ಹೊರತು ದೊಡ್ಡ ಚಿತ್ರವನ್ನು ಬರೆಯಬಾರದೆಂಬ ನಿಯಮವನ್ನು ನಾಲ್ಕನೆಯ ತರಗತಿಯ ಮಗುವೂ ಗ್ರಹಿಸಬಲ್ಲುದು.

೫. ಮಗ್ಗದ ನಕ್ಷೆ ಮತ್ತು ಗಣಿತದ ನಕ್ಷೆ

ಇಳಕಲ್ಲಿನ ಅನೇಕ ಮಕ್ಕಳಿಗೆ ಮಗ್ಗವು ಮನೆಯ ವಸ್ತು. ಹತ್ತಿಯ ಹಾಸಿನ ಒಡಲಿಗೆ ರೇಷ್ಮೆಯ ಅಥವಾ ಕೃತಕ ರೇಷ್ಮೆಯ ಸೆರಗಿನ ಹಾಸನ್ನು ಎಳೆಗೆಳೆ ಕೊಂಡಿಹಾಕಿ ಕೂಡಿಸುವುದು ಅಲ್ಲಿನ ಸೀರೆಯ ವೈಶಿಷ್ಟ್ಯ. ಕೆಂಪು ಬಿಳುಪುಗಳಿಂದ ಶೋಭಿಸುವ ಟೋಪತೆನಿ ಸೆರಗಿನಲ್ಲಿ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಗಳ ಆಕಾರಗಳು ಕಾಣುತ್ತವೆ. ದಡಿಯ ಚಿತ್ತಾರವನ್ನು ಚೌಕುಳಿ ಕಾಗದದ ಮೇಲೆ ಇಳಿಸುವಾಗ ಉದ್ದಸಾಲು ಹಾಸಿನ ಎಳೆಯನ್ನೂ ಅಡ್ಡಸಾಲು ಹೊಕ್ಕಿನ ಎಳೆಯನ್ನೂ ಸೂಚಿಸುತ್ತವೆ. ತುಂಬಿದ ಚೌಕವು ಆ ಸ್ಥಾನದಲ್ಲಿ ಯಾವ ಎಳೆ ಮೇಲೆ ಬರಬೇಕೆಂಬುದನ್ನು ಹೇಳುತ್ತದೆ. ಫ್ರಾನ್ಸಿನ ಜಕಾರ್ಡನು ೧೮೦೪ರ ಸುಮಾರಿಗೆ ಸಿದ್ಧಪಡಿಸಿದ ಯಂತ್ರದ ರಂಧ್ರಪಟ್ಟಿಗಳು ಇಂಥ ಚೌಕಗಳ ಭಾಷಾಂತರವೇ ಆಗಿವೆ. ಇಳಕಲ್ಲಿನ ಸೀರೆಯ ಮೇಲೆ ಹಾಕುವ ಕಸೂತಿಯೂ ಇದೇ ಜಾತಿಯದು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿಯೂ ಬಟ್ಟೆಯ ಮೇಲೆ ಗೆರೆಯನ್ನು ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಚುಚ್ಚುತ್ತಾರೆ.

ಈ ಪರಿಚಯವು ಉಪಾಧ್ಯಾಯನಿಗೆ ದೊಡ್ಡ ಬಂಡವಾಳ. ಬಲಕ್ಕೆ ಐದು, ಮೇಲಕ್ಕೆ ಮೂರು ಎಂದೊಡನೆ ಒಂದು ಚೌಕವನ್ನು ತಪ್ಪದೆ ಮುಟ್ಟುವ ಅಭ್ಯಾಸವು ಮಗ್ಗದ ಮನೆಯ ಮಗುವಿಗೆ ಬೇಗನೆ ಬರುತ್ತದೆ. ಒಬ್ಬಳು ತನ್ನ ಚೌಕುಳಿ ಹಾಳೆಯ ಮೇಲೆ ಒಂದು ತೆನೆಯನ್ನು ತುಂಬಿ, ಅದನ್ನು ತೋರಿಸದೆ ಬರಿಯ ಸಂಖ್ಯೆಗಳನ್ನು ಹೇಳುತ್ತ ಹೋದರೆ ಇನ್ನೊಬ್ಬಳು ಅದೇ ತೆನೆಯನ್ನು ತನ್ನ ಹಾಳೆಯ ಮೇಲೆ ಮೂಡಿಸಬಹುದು. ಮೊದಲು ಬಲಕ್ಕೆ, ಆಮೇಲೆ ಮೇಲಕ್ಕೆ ಎಂಬ ಕ್ರಮವನ್ನು ಮೀರಿದರೆ ತೆನೆಯು ಮಗ್ಗುಲಾಗಿ ಬಿದ್ದುಕೊಳ್ಳುವುದರಿಂದ, ಕ್ರಮವು ಏತಕ್ಕೆ ಬೇಕೆಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಆದರೆ ಈ ಸಾದೃಶ್ಯಕ್ಕೆ ಒಂದು ಎಲ್ಲೆಯಿದೆ. ನೇಕಾರನ ಚೌಕವು ‘ಎಲ್ಲಿ’ ಎಂಬುದಕ್ಕೆ ಉತ್ತರ. ಕಂಬನಕ್ಷೆಯ ಚೌಕವು ‘ಎಷ್ಟು’ ಎಂಬುದಕ್ಕೆ ಉತ್ತರ. ನೇಕಾರನ ನಕ್ಷೆಯಲ್ಲಿ ತೆನೆಯು ತೆನೆಯಂತೆಯೇ ಕಾಣಬೇಕು. ಗಣಿತದ ನಕ್ಷೆಯು ತಾನು ಹೇಳುವ ವಸ್ತುವಿನಂತೆ ಕಾಣಬೇಕಾಗಿಲ್ಲ. ನಕ್ಷೆಯನ್ನು ಚಿತ್ರವೆಂದೇ ಓದುವುದು ಮಕ್ಕಳಲ್ಲಿ ಬಹುವಾಗಿ ಕಾಣುವ ಭ್ರಾಂತಿಯೆಂದು ಗಣಿತಶಿಕ್ಷಣದ ಸಂಶೋಧಕರು ಹೇಳಿದ್ದಾರೆ. ಏರಿಳಿಯುವ ಗೆರೆಯನ್ನು ಕಂಡೊಡನೆ ಅದು ಗುಡ್ಡವೆಂದು ಮಗುವು ನಿಶ್ಚಯಿಸುತ್ತದೆ. ಆದುದರಿಂದ ಮಗ್ಗದ ನಕ್ಷೆಯನ್ನು ಸ್ಥಾನನಿರ್ದೇಶದ ಪಾಠಕ್ಕೆ ಬಳಸಿ, ಪರಿಮಾಣದ ಪಾಠಕ್ಕೆ ಬೆಂಕಿಪೊಟ್ಟಣದ ಕಂಬಗಳನ್ನೇ ಆಶ್ರಯಿಸುವುದು ಯುಕ್ತ.

೬. ಕಾಲದ ದಾರ, ಮಳೆಯ ಪಟ್ಟಿ, ಹೊಂಡದ ಗೆರೆ

ಅಡ್ಡಗೆರೆಯ ಮೇಲೆ ರೊಟ್ಟಿ, ಅನ್ನ, ಉಪ್ಪಿಟ್ಟುಗಳನ್ನು ಯಾವ ಕ್ರಮದಲ್ಲಿ ಬರೆದರೂ ನಡೆದೀತು. ಕಾಲವನ್ನು ಬರೆಯುವಾಗ ಈ ಸ್ವಾತಂತ್ರ್ಯವಿಲ್ಲ. ಇದನ್ನು ತಿಳಿಸುವುದಕ್ಕೆ ಚಾಲುಕ್ಯರ ಇತಿಹಾಸದ ನಾಲ್ಕು ವರ್ಷಗಳು ಅನುಕೂಲವಾಗಿವೆ. ಒಂದನೆಯ ಪುಲಕೇಶಿಯು ಬಾದಾಮಿಯ ಕೋಟೆಯನ್ನು ಕಟ್ಟಿಸಿದುದನ್ನು ಹೇಳುವ ಶಾಸನವು ಕ್ರಿ. ಶ. ೫೪೩ರದು, ಮಂಗಳೇಶನ ಗುಹಾಶಾಸನವು ೫೭೮ರದು, ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನವು ೬೩೪ರದು, ಪಲ್ಲವರು ಬಾದಾಮಿಯನ್ನು ಹಿಡಿದುದು ೬೪೨ರಲ್ಲಿ. ಇವನ್ನು ಬರೆಯಹೇಳಿದರೆ ಮಕ್ಕಳು ನಾಲ್ಕು ಗುರುತುಗಳನ್ನು ಸಮಾನ ಅಂತರದಲ್ಲಿ ಇಡುವುದು ಸಹಜ. ವರ್ಷಕ್ಕೊಂದು ಸೆಂಟಿಮೀಟರಿನಂತೆ ದಾರದಲ್ಲಿ ಗಂಟುಹಾಕಿಸಿದರೆ ಅಂತರಗಳು ೩೫, ೫೬, ೮ ಸೆಂಟಿಮೀಟರುಗಳಾಗುತ್ತವೆ. ಒಟ್ಟು ದಾರವು ೯೯ ಸೆಂಟಿಮೀಟರು, ಅಂದರೆ ಮೀಟರುಕೋಲಿಗೆ ಒಂದೇ ಬೆರಳಗಲ ಕಡಿಮೆ. ದಿಗ್ವಿಜಯವನ್ನು ಹೊಗಳಿದ ಶಾಸನದ ಗಂಟಿಗೂ ರಾಜಧಾನಿಯ ಪತನದ ಗಂಟಿಗೂ ನಡುವೆ ಒಂದು ಗೇಣೂ ಇಲ್ಲದಿರುವುದನ್ನು ಕಣ್ಣಾರೆ ಕಂಡ ಮಗುವು ಆ ಎಂಟು ವರ್ಷಗಳನ್ನು ಮರೆಯಲಾರದು. ಇದೇ ಪ್ರಮಾಣದಿಂದ ದಾರವನ್ನು ಇಂದಿನವರೆಗೆ ಎಳೆದರೆ ಅದು ಹದಿನಾಲ್ಕು ಮೀಟರನ್ನು ಮೀರಿ ಶಾಲೆಯ ಪಡಸಾಲೆಯುದ್ದಕ್ಕೂ ಹಬ್ಬುತ್ತದೆ. ಸಮಾನ ಕಾಲಕ್ಕೆ ಸಮಾನ ದೂರವೆಂಬ ನಿಯಮವು ಹೀಗೆ ಕೈಗೂ ಕಾಲಿಗೂ ತಿಳಿಯುತ್ತದೆ.

ಕಾಲದ ಗೆರೆಯು ಸಿದ್ಧವಾದ ಮೇಲೆ ಮಳೆಯನ್ನು ಅದರ ಮೇಲೆ ನಿಲ್ಲಿಸಬಹುದು. ನೆಟ್ಟಗಿನ ಗೋಡೆಯುಳ್ಳ ಒಂದು ಪ್ಲಾಸ್ಟಿಕ್ ಶೀಸೆಯ ಮೇಲ್ಭಾಗವನ್ನು ಕತ್ತರಿಸಿ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿದರೆ ಮಳೆಮಾಪಕವಾಯಿತು. ತಳವು ಸಮವಾಗಿಲ್ಲದಿದ್ದರೆ ಹರಳುಗಳನ್ನು ಹಾಕಿ, ಅವು ಮುಳುಗುವಷ್ಟು ನೀರೆರೆದು, ಆ ಮಟ್ಟವನ್ನೇ ಸೊನ್ನೆಯೆಂದು ಗುರುತಿಸಬೇಕು. ಭಾರತದ ಹವಾಮಾನ ಇಲಾಖೆಯು ದಿನದ ಮಳೆಯನ್ನು ಬೆಳಿಗ್ಗೆ ೮ ಗಂಟೆ ೩೦ ನಿಮಿಷಕ್ಕೆ ಅಳೆಯುತ್ತದೆ. ಶಾಲೆಯೂ ಪ್ರತಿದಿನ ಒಂದು ನಿಯತ ಕಾಲವನ್ನು ಇಟ್ಟುಕೊಳ್ಳತಕ್ಕದ್ದು. ನೀರಿನ ಎತ್ತರಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿಯನ್ನು ಕತ್ತರಿಸಿ, ಆ ದಿನದ ಸ್ಥಾನದಲ್ಲಿ ಆಧಾರರೇಖೆಯ ಮೇಲೆ ಅಂಟಿಸಬೇಕು. ಇಲ್ಲಿ ಪಟ್ಟಿಯೇ ಮಳೆಯ ಅಳತೆ, ಪಟ್ಟಿಯೇ ನಕ್ಷೆಯ ಕಂಬ; ಸಂಖ್ಯೆಯನ್ನು ಬರೆಯುವ ಮೊದಲೇ ನಕ್ಷೆ ಸಿದ್ಧವಾಗುತ್ತದೆ. ಮಳೆಯಿಲ್ಲದ ದಿನವನ್ನು ಮಕ್ಕಳು ಬಿಟ್ಟುಬಿಡುತ್ತಾರೆ. ಹಾಗೆ ಬಿಡಗೊಡಬಾರದು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ನಾಡಿನಲ್ಲಿ ಸಪ್ತೆಂಬರದವರೆಗೂ ಮುಗಿಲನ್ನು ನೋಡುತ್ತ ಕೂಡ್ರುವುದು ಒಕ್ಕಲಿಗನ ಹಣೆಬರಹ. ಬಿತ್ತಿದ ಮೇಲೆ ಮಳೆಯಿಲ್ಲದೆ ಕಳೆದ ಹದಿನೈದು ದಿನಗಳು ಹಾಳೆಯ ಮೇಲೆ ಹದಿನೈದು ಬರಿದಾದ ಸ್ಥಾನಗಳಾಗಿ ಉಳಿದಾಗಲೇ ನಕ್ಷೆಯು ನಿಜವನ್ನು ಹೇಳುತ್ತದೆ. ಸೊನ್ನೆಗೂ ಒಂದು ಸ್ಥಳವುಂಟು.

ದಿನದ ಮಳೆಗೆ ಕಂಬವೇ ತಕ್ಕುದು. ಏತಕ್ಕೆಂದರೆ ಪ್ರತಿದಿನದ ಮಳೆಯು ಬೇರೆ ಬೇರೆಯಾಗಿ ಕೂಡಿದ ಮೊತ್ತ. ಕೆರೆಯ ಮಟ್ಟವು ಹಾಗಲ್ಲ. ಅದು ಪ್ರತಿಕ್ಷಣವೂ ಇದ್ದೇ ಇರುತ್ತದೆ. ಬಾದಾಮಿಯ ಅಗಸ್ತ್ಯತೀರ್ಥಕ್ಕೆ ಕಲ್ಲಿನ ಪಾವಟಿಗೆಗಳಿವೆ. ಉಪಾಧ್ಯಾಯನೊಡನೆ ದೂರದಿಂದ ನಿಂತು ವಾರಕ್ಕೊಮ್ಮೆ ನೀರಿನ ಮೇಲೆ ಕಾಣುವ ಪಾವಟಿಗೆಗಳನ್ನು ಎಣಿಸಿ ಚುಕ್ಕೆಗಳನ್ನಿಟ್ಟು ಅವನ್ನು ಕೂಡಿಸಬಹುದು. ಸೋಮವಾರದ ಚುಕ್ಕೆಗೂ ಮುಂದಿನ ಸೋಮವಾರದ ಚುಕ್ಕೆಗೂ ನಡುವಿನ ಗೆರೆಯು ಗುರುವಾರದ ಮಟ್ಟವನ್ನು ಸುಮಾರಾಗಿ ಹೇಳಬಲ್ಲುದು. ರೊಟ್ಟಿಯ ಕಂಬಕ್ಕೂ ಅನ್ನದ ಕಂಬಕ್ಕೂ ನಡುವೆ ಗೆರೆಯೆಳೆದರೆ ಅದು ಏನನ್ನು ಹೇಳೀತು? ಪ್ಲೇಫೇರನ ವಿವೇಕವು ಇಲ್ಲಿ ಮಕ್ಕಳ ವಿವೇಕವಾಗುತ್ತದೆ. ಇದಲ್ಲದೆ ನೀರು ಏರಿದಂತೆ ಕಾಣುವ ಪಾವಟಿಗೆಗಳು ಕಡಿಮೆಯಾಗಿ ಗೆರೆಯು ಕೆಳಕ್ಕಿಳಿಯುತ್ತದೆ. ನೀರು ಮೇಲಕ್ಕೆ, ಗೆರೆ ಕೆಳಕ್ಕೆ! ನಕ್ಷೆಯು ಚಿತ್ರವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

೭. ಆಧಾರರೇಖೆಯ ಪ್ರಶ್ನೆ

ಇಲ್ಲಿಯವರೆಗೆ ಹೇಳಿದ ಎಲ್ಲ ನಕ್ಷೆಗಳೂ ಸೊನ್ನೆಯಿಂದ ಹೊರಟುವು. ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಸೊನ್ನೆಯಿಂದ ಹೊರಡದ ನಕ್ಷೆಯನ್ನು ಮಕ್ಕಳಿಗೆ ಪರಿಚಯ ಮಾಡಿಕೊಡುವುದು ಅವಶ್ಯಕ, ಬಾಗಲಕೋಟೆಯಲ್ಲಿಯಂತೂ ಅತ್ಯವಶ್ಯಕ. ಕೃಷ್ಣೆಗೆ ಕಟ್ಟಿದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯನ್ನು ತಗಲಿದುದರಿಂದ ಊರಿನ ಬಹುಭಾಗವು ಮುಳುಗಡೆಗೆ ಸಿಕ್ಕಿತು; ಜನರು ಸೆಕ್ಟರುಗಳಾಗಿ ಹಂಚಿದ ನವನಗರಕ್ಕೆ ಹೋಗಿ ನೆಲಸಬೇಕಾಯಿತು. ೨೦೦೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲಾಶಯಕ್ಕೆ ಸಮುದ್ರಮಟ್ಟದಿಂದ ೫೧೯.೬ ಮೀಟರಿನವರೆಗೆ ಅನುಮತಿಯನ್ನು ಕೊಟ್ಟಿತು. ಈ ಮಟ್ಟದಲ್ಲಿ ಅದರ ಒಟ್ಟು ಸಂಗ್ರಹವು ಸುಮಾರು ೧೨೩ ಟಿ. ಎಂ. ಸಿ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ೨೦೧೦ರ ತೀರ್ಪಿನಲ್ಲಿ ೫೨೪.೨೫೬ ಮೀಟರಿಗೆ ಏರಿಸಲು ಸಮ್ಮತಿಸಿತು. ಈ ಎರಡು ಸಂಖ್ಯೆಗಳು ಜಿಲ್ಲೆಯ ಮನೆಮನೆಯ ಮಾತು.

ಇವೆರಡನ್ನೂ ಎರಡು ಕಂಬಗಳಾಗಿ ಬರೆಯುವ ಪಾಠವನ್ನು ವಿಚಾರಿಸಬಹುದು. ಸೊನ್ನೆಯಿಂದ ಹೊರಟು ಒಂದು ಸೆಂಟಿಮೀಟರಿಗೆ ೫೦ ಮೀಟರಿನ ಪ್ರಮಾಣವನ್ನಿಟ್ಟುಕೊಂಡರೆ ಕಂಬಗಳ ಎತ್ತರವು ಹತ್ತು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಅವುಗಳ ಅಂತರವು ಒಂದು ಮಿಲಿಮೀಟರಿಗೂ ಕಡಿಮೆ, ಅಂದರೆ ಮೊಂಡಾದ ಸೀಸದಕಡ್ಡಿಯ ಒಂದು ಗೆರೆಯ ದಪ್ಪ. ನೋಡಿದವನು ಎರಡೂ ಒಂದೇ ಎನ್ನುತ್ತಾನೆ. ಆಧಾರರೇಖೆಯನ್ನು ೫೧೯ ಮೀಟರಿಗೆ ಏರಿಸಿ, ಒಂದು ಸೆಂಟಿಮೀಟರಿಗೆ ಒಂದು ಮೀಟರಿನಂತೆ ಬರೆದರೆ ಮೊದಲನೆಯ ಕಂಬವು ೦.೬ ಸೆಂಟಿಮೀಟರು, ಎರಡನೆಯದು ೫.೨೫೬ ಸೆಂಟಿಮೀಟರು, ನೋಡಿದವನು ನೀರು ಸುಮಾರು ಒಂಬತ್ತು ಮಡಿಯಾಯಿತೆನ್ನುತ್ತಾನೆ. ಅಂಕಿಗಳು ಅವೇ, ಗೆರೆಗಳು ಸರಿಯಾಗಿಯೇ ಇವೆ, ತೀರ್ಮಾನಗಳು ಮಾತ್ರ ಪರಸ್ಪರ ವಿರುದ್ಧ. ಸೊನ್ನೆಯಿಂದಲೇ ಹೊರಟು ಮೀಟರಿಗೊಂದು ಸೆಂಟಿಮೀಟರಿನ ಪ್ರಮಾಣವನ್ನೂ ಉಳಿಸಿಕೊಳ್ಳಬೇಕೆಂದರೆ ಐದು ಮೀಟರಿಗೂ ಉದ್ದವಾದ ಕಾಗದ ಬೇಕು.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಕಂಬನಕ್ಷೆಯಲ್ಲಿ ಉದ್ದವೇ ಮಾತಾಡುವುದರಿಂದ ಕಂಬದ ಬುಡವನ್ನು ಕತ್ತರಿಸಲಾಗದು. ಕತ್ತರಿಸಿದರೆ ಉದ್ದವು ಸುಳ್ಳಾಗುತ್ತದೆ. ಮಟ್ಟದ ಏ‍ರಿಳಿತವನ್ನು ತೋರಿಸುವ ಗೆರೆಯಲ್ಲಾದರೋ ಸ್ಥಾನವೇ ಮುಖ್ಯವಾದುದರಿಂದ ಆಧಾರರೇಖೆಯನ್ನು ಏರಿಸಬಹುದು. ಆದರೆ ಅದನ್ನು ಸ್ಪಷ್ಟವಾಗಿ ಬರೆದು ತಿಳಿಸಬೇಕು. ಸಮುದ್ರಮಟ್ಟದ ಸೊನ್ನೆಯು ಇಂಜಿನಿಯರನ ಅಳತೆಗೆ ಬೇಕಾದುದು. ದಂಡೆಯ ಮೇಲಿನ ಮನೆಗೆ ತನ್ನ ಹೊಸ್ತಿಲೇ ಸೊನ್ನೆ. ಎರಡು ಮಟ್ಟಗಳ ಅಂತರವಾದ ೪.೬೫೬ ಮೀಟರನ್ನು ದಾರದಲ್ಲಿ ಅಳೆದು, ಶಾಲೆಯ ಗೋಡೆಗೆ ನೆಲದಿಂದ ಮೇಲಕ್ಕೆ ಹಿಡಿಸಿದರೆ ಅದು ಒಂದಂತಸ್ತಿನ ಮಾಳಿಗೆಯ ಮನೆಯನ್ನು ಮೀರುತ್ತದೆ. ಕಾಗದದ ಮೇಲೆ ಗೆರೆಯ ದಪ್ಪವಾಗಿದ್ದುದು ಗೋಡೆಯ ಮೇಲೆ ಮನೆಯೆತ್ತರವಾಯಿತು. ಏರಿಕೆಯು ಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವುದು ಗಣಿತದ ಪಾಠದ ಕೆಲಸವಲ್ಲ. ಹೊಲಗಳಿಗೆ ನೀರು, ಊರುಗಳಿಗೆ ಮುಳುಗಡೆ ಎಂಬ ಎರಡು ಪಕ್ಷಗಳೂ ನಕ್ಷೆಗಳನ್ನು ಮುಂದಿಡುವುವು. ಆ ನಕ್ಷೆಗಳ ಆಧಾರರೇಖೆಯು ಎಲ್ಲಿದೆಯೆಂದು ಮೊದಲು ಕೇಳುವ ಪ್ರಜೆಯನ್ನು ಸಿದ್ಧಪಡಿಸುವುದು ಮಾತ್ರ ಗಣಿತದ ಕೆಲಸವೇ ಸರಿ.

೮. ತರಗತಿಗಳ ಕ್ರಮ

೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಪ್ರಾಥಮಿಕ ಗಣಿತದಲ್ಲಿ ಆಕಾರ, ಮಾಪನಗಳೊಡನೆ ದತ್ತಾಂಶ ನಿರ್ವಹಣೆಗೂ ಹೆಚ್ಚಿನ ಸ್ಥಾನವು ಸಲ್ಲಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ ಕಲಿ ಪದ್ಧತಿಯು ಮಗುವಿನ ಸ್ವಂತ ಚಟುವಟಿಕೆಯನ್ನು ಮುಂದಿಟ್ಟಿತು. ಈ ಎರಡರ ಆಶಯಕ್ಕೂ ಮೇಲಣ ಕ್ರಮವು ಹೊಂದಿಕೊಳ್ಳುತ್ತದೆ. ಒಂದು ಎರಡನೆಯ ತರಗತಿಗಳಲ್ಲಿ ಕಾಳು ಮತ್ತು ಬೆಂಕಿಪೊಟ್ಟಣ, ಮೂರನೆಯದರಲ್ಲಿ ಒಂದಕ್ಕೊಂದರ ಚಿತ್ರನಕ್ಷೆ ಮತ್ತು ಚೌಕುಳಿಯ ತೆನೆ, ನಾಲ್ಕನೆಯದರಲ್ಲಿ ಪ್ರಮಾಣ, ಐದನೆಯದರಲ್ಲಿ ಕಾಲದ ದಾರ ಮತ್ತು ಮಳೆಯ ಪಟ್ಟಿ, ಅದಕ್ಕೂ ಮೇಲೆ ಹೊಂಡದ ಗೆರೆ ಮತ್ತು ಆಧಾರರೇಖೆಯ ವಿಚಾರ. ಯಾವ ಹಂತದಲ್ಲಿಯೂ ಪುಸ್ತಕದಲ್ಲಿ ಅಚ್ಚಾದ ಅಂಕಿಗಳಿಂದ ಆರಂಭಿಸದೆ ಮಕ್ಕಳೇ ಕೂಡಿಸಿದ ಅಂಕಿಗಳಿಂದ ಆರಂಭಿಸುವುದು ಲೇಸು. ತಾನು ಎಣಿಸಿದುದನ್ನು ಯಾರೂ ಅರ್ಥವಿಲ್ಲದೆ ಬರೆಯುವುದಿಲ್ಲ. ಚೌಕುಳಿ ಹಾಳೆಯು ದೊರೆಯದಿದ್ದರೆ ನೆಲದ ಚಪ್ಪಡಿಗಳು ಸಾಕು. ಮುಗಿದ ನಕ್ಷೆಗೆ ಹೆಸರು, ಎರಡು ಅಕ್ಷಗಳ ಅರ್ಥ, ಪ್ರಮಾಣ, ದಿನಾಂಕ ಈ ನಾಲ್ಕನ್ನೂ ಬರೆಯಿಸತಕ್ಕದ್ದು. ಇವು ನಕ್ಷೆಯ ಒಪ್ಪಂದಪತ್ರದಲ್ಲಿನ ಸಹಿಗಳು.

ಪರೀಕ್ಷೆಯಲ್ಲಿ ಅಂದವಾದ ಕಂಬಗಳಿಗೆ ಅಂಕಗಳನ್ನು ಕೊಡುವುದು ಸುಲಭ. ಕಂಬಗಳನ್ನು ಓದಿದ ಮಾತಿಗೆ ಕೊಡುವುದು ಕಷ್ಟ. ಕಷ್ಟವಾದರೂ ಎರಡನೆಯದನ್ನೇ ಮಾಡತಕ್ಕದ್ದು. ನಕ್ಷೆಯನ್ನು ಬರೆಯುವ ಕೆಲಸವನ್ನು ಈಗ ಯಂತ್ರಗಳು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತವೆ. ಅದು ಯಾವ ಒಪ್ಪಂದದ ಮೇಲೆ ನಿಂತಿದೆ, ಗುರುತು ಎಷ್ಟಕ್ಕೆ ಸಮ, ಗೆರೆ ಎಲ್ಲಿಂದ ಹೊರಟಿತು, ಬರಿದಾದ ಸ್ಥಾನವನ್ನು ಯಾರು ಬಿಟ್ಟರು ಎಂದು ವಿಚಾರಿಸುವ ಕೆಲಸವು ಓದುವವನ ಪಾಲಿಗೇ ಉಳಿದಿದೆ. ಅದರ ಅಭ್ಯಾಸಕ್ಕೆ ಪ್ರಾಥಮಿಕ ಶಾಲೆಯ ಬೆಂಕಿಪೊಟ್ಟಣವೇ ತಕ್ಕ ಆರಂಭ.